ಸೋತವರು ಯಾಕೆ ಸುಮ್ಮನಿರಬೇಕು? ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಏನು ಹೇಳಲಿ?

ಪ್ರಶ್ನೆ: ಕೆಂಗೇರಿ ಸಮಾಜ ಟೀಚರ್

ಎಲ್ಲರಿಗೂ ನಮಸ್ಕಾರ. ಕೆಂಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ವರ್ಷ ಶಾಲಾ ಸಂಸತ್ತಿಗೆ ಚುನಾವಣೆ ಮಾಡಿಸಿದೆವು. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು, ಎಲ್ಲವೂ ಇತ್ತು. ಮುಖ್ಯಮಂತ್ರಿ ಸ್ಥಾನಕ್ಕೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ಒಬ್ಬ ಹುಡುಗ ನಿಂತಿದ್ದರು. ಸ್ಟಾಫ್ ರೂಮಿನಲ್ಲಿ ಚೀಟಿ ಎಣಿಸಿ, ಮಾರನೇ ದಿನ ಪ್ರಾರ್ಥನೆ ಹೊತ್ತಿನಲ್ಲಿ ಫಲಿತಾಂಶ ಹೇಳಿದೆವು. ಹುಡುಗಿ 7 ಮತಗಳಿಂದ ಗೆದ್ದಳು. ಬಿಸಿಯೂಟದ ಹೊತ್ತಿಗೆ ಅವಳ ಪೋಸ್ಟರುಗಳೆಲ್ಲ ಹರಿದು ಚೂರಾಗಿದ್ದವು. ಅವತ್ತಿನಿಂದ ಕ್ಲಾಸಿನಲ್ಲಿ ಎರಡು ಗುಂಪು. ಆ ಕಡೆಯವರ ಪಕ್ಕ ಈ ಕಡೆಯವರು ಕೂರುವುದಿಲ್ಲ, ನೋಟ್ಸ್ ಕೂಡ ಕೊಡುವುದಿಲ್ಲ.

ಬೈದು ಕೂರಿಸಿದ ಮೇಲೆ ಒಬ್ಬಳು ಎದ್ದು ಕೇಳಿದಳು: "ಮಿಸ್, ದೊಡ್ಡೋರ ಎಲೆಕ್ಷನ್‌ನಲ್ಲಿ ಸೋತೋರು ಯಾಕೆ ಸುಮ್ನೆ ಇರ್ತಾರೆ?" ಹಿಂದಿನ ಬೆಂಚಿನಿಂದ ತಕ್ಷಣ ಇನ್ನೊಬ್ಬ: "ಎಲ್ಲಿ ಸುಮ್ನಿರ್ತಾರೆ? ಅಮೆರಿಕದಲ್ಲಿ ಪಾರ್ಲಿಮೆಂಟಿಗೇ ನುಗ್ಗಿದ್ರಲ್ಲ, ವಿಡಿಯೊ ನೋಡಿದೀನಿ."

ಜಗತ್ತಿನ ಅತಿದೊಡ್ಡ ಪ್ರಜಾಪ್ರಭುತ್ವ ನಮ್ಮದು ಅಂತ ಪಾಠದಲ್ಲಿದೆ. ಭಾರತೀಯರು ಶಾಂತಿಪ್ರಿಯರು ಅಂತಲೂ ಹೇಳಿಕೊಡುತ್ತೇವೆ. ಇವೆರಡರಲ್ಲಿ ಯಾವುದೂ ಆ ಮಗುವಿಗೆ ಉತ್ತರವಾಗುವುದಿಲ್ಲ. ನವೆಂಬರ್ 26ರ ಸಂವಿಧಾನ ದಿನಕ್ಕೆ ನಾನು ಮಾತಾಡಬೇಕು. ಅದೇ ವಾರ ಮಕ್ಕಳನ್ನು ಒಂದು ದಿನ ಹೊರಗೆ ಕರೆದೊಯ್ಯಲು ಹೆಡ್‌ಮಾಸ್ಟರು ಒಪ್ಪಿದ್ದಾರೆ. ಬೆಂಗಳೂರಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ, ಅಲ್ಲಿ ನಿಂತು ಏನು ಹೇಳಲಿ? ಬರೀ ಹೆಮ್ಮೆಯ ಭಾಷಣ ಬೇಡ. ಎಲ್ಲಾ ಕೆಟ್ಟುಹೋಯ್ತು ಅನ್ನುವ ಮಾತೂ ಬೇಡ, ಅದನ್ನು ಮನೆಯಲ್ಲಿ ದಿನಾ ಕೇಳಿಸಿಕೊಂಡೇ ಬರುತ್ತಾರೆ.

ಉತ್ತರ: ಬಸವನಗುಡಿ ನಿವೃತ್ತ ಲೆಕ್ಚರರ್

ಮೇಡಂ, ಆ ಮಗು ಬುಡಕ್ಕೇ ಕೈ ಹಾಕಿದೆ. ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟವನು. 1983ರ ವಿಧಾನಸಭೆ ಚುನಾವಣೆಯಿಂದ ನಿವೃತ್ತಿಯವರೆಗೂ ಎಲೆಕ್ಷನ್ ಡ್ಯೂಟಿ ಮಾಡಿದ್ದೇನೆ, ಮೊದಮೊದಲು ಪೋಲಿಂಗ್ ಆಫೀಸರ್, ಆಮೇಲೆ ಪಿ.ಆರ್.ಒ., ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ. ಇಷ್ಟು ವರ್ಷ ಮತಗಟ್ಟೆಯಲ್ಲಿ ಕೂತು ನನಗೆ ಖಚಿತವಾಗಿರುವುದು ಇದು: ಗೆಲ್ಲುವವನಿಗೆ ಯಾವ ಪುರಾವೆಯೂ ಬೇಕಾಗಿಲ್ಲ. ಮತಗಟ್ಟೆಯ ಒಂದೊಂದು ಕಟ್ಟಳೆಯೂ ಇರುವುದು ಸೋಲುವವನಿಗಾಗಿ. ಎಲ್ಲವೂ ಅವನ ಕಣ್ಣೆದುರಿಗೇ ನಡೆಯಬೇಕು. ಅನುಮಾನ ಇದ್ದರೆ ದೂರು ಕೊಡಲು ಒಂದು ಬಾಗಿಲು ತೆರೆದಿರಬೇಕು. ಮತ್ತೆ ನಿಲ್ಲುವುದಕ್ಕೆ ಒಂದು ತಾರೀಕು ಗೊತ್ತಿರಬೇಕು. ಇಷ್ಟಿದ್ದರೆ ಅವನು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಆದರೂ ಮನೆಗೆ ಹೋಗುತ್ತಾನೆ. ಸೋತವನು ಒಳ್ಳೆಯವನು ಅಂತ ನಂಬಿಕೊಂಡು ನಮ್ಮ ದೇಶದ ಶಾಂತಿಯನ್ನು ಯಾರೂ ಕಟ್ಟಿಲ್ಲ.

ಮತಪೆಟ್ಟಿಗೆ ಕಾಲದ ಒಂದು ಮಾತು ಹೇಳುತ್ತೇನೆ. ಮಾಗಡಿ ಕಡೆಯ ಒಂದು ಹಳ್ಳಿ, ಶಾಲೆಯ ಕೊಠಡಿಯೇ ಬೂತ್. ಆ ಊರಿನಲ್ಲಿ ಒಂದು ಪಕ್ಷಕ್ಕೆ ಅದರ ಪರವಾಗಿ ಬೂತ್‌ನಲ್ಲಿ ಕೂತು ನೋಡಿಕೊಳ್ಳುವ ಏಜೆಂಟೇ ಸಿಗುವುದಿಲ್ಲ ಅನ್ನುವಂಥ ಪರಿಸ್ಥಿತಿ. ಕೊನೆಗೆ ಒಬ್ಬ ವಯಸ್ಸಾದ ರೈತ ಬಂದು ಕೂತ. ತನ್ನ ಕಡೆಯವರಿಗೆ ಅಲ್ಲಿ ವೋಟು ಬೀಳುವುದಿಲ್ಲ ಅಂತ ಅವನಿಗೂ ಗೊತ್ತು, ಎದುರು ಕೂತವರಿಗೂ ಗೊತ್ತು. ಬೆಳಿಗ್ಗೆ ಖಾಲಿ ಪೆಟ್ಟಿಗೆ ತೋರಿಸಿದಾಗ ಎದ್ದು ಬಂದು ಒಳಗೆ ಕೈ ಆಡಿಸಿ ನೋಡಿದ. ಪೇಪರ್ ಸೀಲಿಗೆ ಹೆಬ್ಬೆಟ್ಟು ಒತ್ತಿದ. ಸಂಜೆ ಪೆಟ್ಟಿಗೆ ಮುಚ್ಚಿ, ದಾರ ಕಟ್ಟಿ, ಮೇಣದಬತ್ತಿಗೆ ಅರಗು ಕಾಯಿಸಿ ಮೊಹರು ಹಾಕುವಾಗ, ಏಜೆಂಟರೂ ತಮ್ಮ ಮೊಹರು ಹಾಕಬಹುದು ಅಂದೆವು. ಅವನ ಹತ್ತಿರ ಯಾವ ಮೊಹರು ಇರಬೇಕು? ಬೆರಳಿನ ಹಿತ್ತಾಳೆ ಉಂಗುರ ಕಳಚಿ ಬಿಸಿ ಅರಗಿಗೆ ಒತ್ತಿದ. ಉಂಗುರದ ಮೇಲೆ ಸವೆದುಹೋದ ಒಂದು ನವಿಲು ಇತ್ತು, ಅರಗಿನಲ್ಲಿ ಅದರ ಬಾಲ ಮಾತ್ರ ಮೂಡಿತು. ಎಣಿಕೆ ದಿನ ತನ್ನ ಕಡೆಯವರಿಗೆ ಹೇಳಿ ಆ ಗುರುತು ಹುಡುಕಿಸುತ್ತೇನೆ ಅಂತ ಹೇಳಿಯೇ ಹೋದ. ನಾವು ಯಾರೂ ಅವನನ್ನು ತಡೆಯಲಿಲ್ಲ, ಅದು ಅವನ ಹಕ್ಕು.

ಈಗ ಇವಿಎಂ ಬಂದಿದೆ, ತಯಾರಿಸುವ ಎರಡು ಕಂಪನಿಗಳಲ್ಲಿ ಒಂದಾದ ಬಿಇಎಲ್ ನಮ್ಮ ಜಾಲಹಳ್ಳಿಯಲ್ಲೇ ಇದೆ. ವಿಷಯ ಮಾತ್ರ ಬದಲಾಗಿಲ್ಲ. ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರಿಗೆ ಅಣಕು ಮತದಾನ ಮಾಡಬೇಕು, ಕನಿಷ್ಠ 50 ಮತ ಹಾಕಿ, ಲೆಕ್ಕ ತಾಳೆ ನೋಡಿ, ಅಳಿಸಿ, ಸೊನ್ನೆ ತೋರಿಸಬೇಕು. ಮತ ಯಾರಿಗೆ ಬಿತ್ತು ಅಂತ ಚೀಟಿ ಮುದ್ರಿಸುವ ವಿವಿಪ್ಯಾಟ್‌ನ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ. ಮುಗಿದ ಮೇಲೆ ಎಷ್ಟು ಮತ ಬಿದ್ದಿದೆ ಅಂತ ನಮೂನೆ 17ಸಿಯಲ್ಲಿ ಬರೆದು ಪ್ರತಿ ಏಜೆಂಟನಿಗೂ ಒಂದು ಪ್ರತಿ ಕೊಡಬೇಕು. ಮುಕ್ತಾಯದ ಹೊತ್ತಿಗೆ ಸಾಲು ಇನ್ನೂ ಇದ್ದರೆ ಚೀಟಿ ಹಂಚುತ್ತೇವಲ್ಲ, ಅದನ್ನು ಸಾಲಿನ ಕಟ್ಟಕಡೆಯವನಿಂದ ಶುರು ಮಾಡುತ್ತೇವೆ. ಮುಂದಿನಿಂದ ಹಂಚುತ್ತಾ ಹೋದರೆ ಹಿಂದೆ ಜನ ಸೇರಿಕೊಳ್ಳುತ್ತಾರೆ, ಆಮೇಲೆ ಜಗಳ. ಇಷ್ಟು ಸಣ್ಣ ವಿಷಯವನ್ನೂ ಯಾರೋ ಕೂತು ಯೋಚನೆ ಮಾಡಿದ್ದಾರೆ ಅನ್ನುವುದು ಮಕ್ಕಳಿಗೆ ಗೊತ್ತಾಗಬೇಕು.

ಇನ್ನು ಎಲ್ಲಿಗೆ ಹೋಗಬೇಕು? ಮೊದಲು ಫ್ರೀಡಂ ಪಾರ್ಕ್. ಹಳೇ ಸೆಂಟ್ರಲ್ ಜೈಲಿನ ಕಾವಲು ಗೋಪುರ ಇನ್ನೂ ಇದೆ, ಅದರ ಕೆಳಗೆ ಮಕ್ಕಳನ್ನು ಕೂರಿಸಿ ಒಬ್ಬ ಸೋತವನ ಕಥೆ ಹೇಳಿ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಎದುರು ರಾಜ್ ನಾರಾಯಣ್ ಸೋತರು. ಬೀದಿಗೆ ಇಳಿಯುವ ಬದಲು ಅಲಹಾಬಾದ್ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿದರು. 1975ರ ಜೂನ್ 12ರಂದು ಪ್ರಧಾನಿಯ ಆಯ್ಕೆಯೇ ಅಸಿಂಧು ಅಂತ ತೀರ್ಪು ಬಂತು. ಸೋತವನಿಗೆ ತೆರೆದಿಟ್ಟ ಬಾಗಿಲು ನಿಜವಾಗಿಯೂ ಕೆಲಸ ಮಾಡಿತ್ತು. ಆದರೆ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಆ ಬಾಗಿಲನ್ನೇ ಮುಚ್ಚಿದರು. ಮಾರನೇ ದಿನ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಬಂಧನ. ಪಕ್ಷಾಂತರ ತಡೆ ಮಸೂದೆಯ ಬಗ್ಗೆ ಸಂಸತ್ತಿನ ಸಮಿತಿ ಸಭೆಗೆ ಬಂದಿದ್ದವರು ಇದೇ ಜೈಲಿನೊಳಗೆ ಕೂತರು. ನಟಿ ಸ್ನೇಹಲತಾ ರೆಡ್ಡಿ ತೀವ್ರ ಆಸ್ತಮಾ ಇದ್ದೂ 1976ರ ಮೇ ತಿಂಗಳಿಂದ ಇಲ್ಲೇ ಇದ್ದರು. ಆರೋಗ್ಯ ಪೂರ್ತಿ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಹೋದರು. ಈ ಭಾಗವನ್ನು ಮಕ್ಕಳಿಗೆ ಮೆಲ್ಲಗೆ ಹೇಳಿ, ಆದರೆ ಬಿಡಬೇಡಿ.

ಅದೇ ಮಾರ್ಚ್‌ನಲ್ಲಿ ಚುನಾವಣೆ. ರಾಯ್‌ಬರೇಲಿಯಲ್ಲಿ ಅದೇ ರಾಜ್ ನಾರಾಯಣ್ 55 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಪ್ರಧಾನಿ ರಾಜೀನಾಮೆ ಕೊಟ್ಟರು. ನಮ್ಮ ಕರ್ನಾಟಕದ ವಿಶೇಷ ನೋಡಿ: ದೇಶದಲ್ಲಿ ಸೋತ ಕಾಂಗ್ರೆಸ್ ಇಲ್ಲಿ 28ರಲ್ಲಿ 26 ಗೆದ್ದಿತು. ಜೈಲಿನಿಂದ ಬಂದವರ ಕಡೆ ದೇಶದಲ್ಲಿ ಗೆದ್ದು ಕರ್ನಾಟಕದಲ್ಲಿ ಸೋತಿತ್ತು. ಇಂದಿರಾ ಅವರಿಗೂ ಮುಂದಿನ ಅವಕಾಶ ಸಿಕ್ಕಿತು, 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಿಂದ ಲೋಕಸಭೆಗೆ ವಾಪಸ್ ಹೋದರು. ಇಷ್ಟು ದೊಡ್ಡ ಹೊಡೆತ ತಿಂದ ದೇಶ ಇಬ್ಬರು ಸೋತವರಿಗೂ ಮತ್ತೆ ಸಾಲಿನಲ್ಲಿ ನಿಲ್ಲಲು ಬಿಟ್ಟಿತು. ನನಗೆ ಈ ದೇಶದ ಮೇಲೆ ಇರುವ ಪ್ರೀತಿಗೆ ದೊಡ್ಡ ಕಾರಣವೇ ಇದು.

ಅಲ್ಲಿಂದ ವಿಧಾನಸೌಧ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ರಾಜ್ಯಪಾಲರು ಕೇಳಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಅನ್ನುವುದು ತೀರ್ಮಾನವಾಗಬೇಕಾದ್ದು ಸದನದೊಳಗೆ, ರಾಜಭವನದಲ್ಲಿ ಅಲ್ಲ ಅಂತ ಹೇಳಿತು. ಅವರ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಅಲ್ಲಿಂದಾಚೆಗೆ ಯಾವ ರಾಜ್ಯದ ಸರ್ಕಾರವನ್ನೂ ಹಾಗೆ ಸುಲಭವಾಗಿ ಕಿತ್ತುಹಾಕಲು ಆಗುತ್ತಿಲ್ಲ. ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ರಚನೆಗೆ ಸೇರಿದ್ದು ಅಂತಲೂ ಅದೇ ತೀರ್ಪು ಹೇಳಿದೆ. ವಿಧಾನಸೌಧದ ಒಳಗೆ ನೋಡಲು 2025ರಿಂದ ಮಾರ್ಗದರ್ಶಿ ಪ್ರವಾಸ ಶುರುವಾಗಿದೆ, ಆನ್‌ಲೈನ್ ಬುಕಿಂಗ್ ಇದೆ, ಮೊದಲೇ ವಿಚಾರಿಸಿ.

ಇನ್ನೊಂದು ಕಥೆ, ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ್ದು. 2004ರಲ್ಲಿ ಎ.ಆರ್. ಕೃಷ್ಣಮೂರ್ತಿಯವರಿಗೆ 40,751 ಮತ, ಆರ್. ಧ್ರುವನಾರಾಯಣ ಅವರಿಗೆ 40,752. ಒಂದು ಮತ! ಸೋತ ಕೃಷ್ಣಮೂರ್ತಿಯವರ ಕಾರಿನ ಡ್ರೈವರ್‌ಗೆ ಅವತ್ತು ವೋಟು ಹಾಕಲು ಆಗಿರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಮಕ್ಕಳಿಗೆ ಸಾಮಾನ್ಯವಾಗಿ ಇಷ್ಟನ್ನೇ ಹೇಳಿ ಒಂದು ವೋಟಿನ ಬೆಲೆ ನೋಡಿ ಅಂತ ಮುಗಿಸುತ್ತೇವೆ. ಮುಂದಿನದನ್ನು ಹೇಳಿ. 2023ರಲ್ಲಿ ಅದೇ ಕೃಷ್ಣಮೂರ್ತಿ ಕೊಳ್ಳೇಗಾಲದಿಂದ 59 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದು ಬಂದರು. ನಡುವೆ 19 ವರ್ಷ. ನಿಮ್ಮ ಸೋತ ಹುಡುಗನಿಗೆ ಹೇಳಬೇಕಾದ ಕಥೆ ಇದು.

ಉತ್ತರ: ಹಲಸೂರು ಕೆರೆ ಪಕ್ಕದವಳು

ಸಾರ್, ನೀವು ಬರೆದಿದ್ದು ಮನಸ್ಸಿಗೆ ನಾಟಿತು. ಒಂದು ಮಾತು ಸೇರಿಸಲೇಬೇಕು. ಮತಗಟ್ಟೆ ಶಾಂತವಾಗಿದ್ದರೆ ಬೀದಿ ಶಾಂತವಾಗಿರುತ್ತದೆ ಅಂತ ಇಲ್ಲ.

ನಮ್ಮ ಮನೆ ಮಾತು ತಮಿಳು. ನಮ್ಮ ತಾತನ ಕಾಲದಿಂದ ಹಲಸೂರಿನಲ್ಲಿದ್ದೇವೆ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. 1991ರ ಡಿಸೆಂಬರ್‌ನಲ್ಲಿ ನಾನಿನ್ನೂ ಸ್ಕೂಲಿನಲ್ಲಿದ್ದೆ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂತು, ಮಾರನೇ ದಿನ ಊರು ಹತ್ತಿಕೊಂಡಿತು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಬೋರ್ಡಿನಲ್ಲಿ ಕನ್ನಡ ಮೇಲೆ, ತಮಿಳು ಕೆಳಗೆ. ಟಯರಿಗೆ ಹಚ್ಚುವ ಕಪ್ಪು ಬಣ್ಣ ತಂದು ಅಪ್ಪ ಕೆಳಗಿನ ಸಾಲನ್ನು ತಾವೇ ಬಳಿದರು. ಅರ್ಧ ಬಳಿಯುವಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿಯವರು, ಮಂಡ್ಯದವರು, ಬಂದು ಬ್ರಷ್ ಕಿತ್ತುಕೊಂಡು, "ನೀವು ಒಳಗೆ ಹೋಗಿ, ನಾನು ಹಚ್ತೀನಿ, ನೀವು ಹಚ್ತಾ ಇರೋದು ಯಾರೂ ನೋಡಬಾರದು" ಅಂದರಂತೆ. ಅವರು ಎರಡು ರಾತ್ರಿ ನಮ್ಮನ್ನು ಗಿರಣಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಈ ಊರಲ್ಲಿ ಎಷ್ಟೋ ಜನಕ್ಕೆ ಅಂಥ ಕೋಣೆ ಸಿಗಲಿಲ್ಲ, ಪ್ರಾಣ ಹೋದವು.

ಆಗ ಸರ್ಕಾರ ಇತ್ತು, ಶಾಸಕರಿದ್ದರು, ಅದೇ ವರ್ಷ ಲೋಕಸಭೆ ಚುನಾವಣೆಯೂ ಆಗಿತ್ತು. ಅದು ನಮ್ಮನ್ನು ಕಾಯಲಿಲ್ಲ. ಗೆದ್ದ ಗುಂಪು, ಸೋತ ಗುಂಪು ಅಂತ ಇರಲಿಲ್ಲ ಅಲ್ಲಿ. ಒಂದು ಭಾಷೆಯ ಜನ ಅನ್ನುವುದಷ್ಟೇ.

ಅದಕ್ಕೇ ಟೀಚರ್, ಮಕ್ಕಳನ್ನು ಹಲಸೂರು ಕೆರೆ ಹತ್ತಿರ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಮುಂದೆಯೂ ನಿಲ್ಲಿಸಿ. 1991ರಲ್ಲಿ ನಿಲ್ಲಿಸಿದ ಪ್ರತಿಮೆ ಅನಾವರಣವಾಗದೇ 18 ವರ್ಷ ಮುಚ್ಚಿಕೊಂಡು ನಿಂತಿತ್ತು. ನಾನು ಕಾಲೇಜಿಗೆ ಹೋಗಿ, ಕೆಲಸಕ್ಕೆ ಸೇರಿ, ಮದುವೆಯಾದರೂ ಅದರ ಮುಖ ನೋಡಿರಲಿಲ್ಲ. 2009ರ ಆಗಸ್ಟ್ 9ರಂದು ಯಡಿಯೂರಪ್ಪ ಮತ್ತು ಕರುಣಾನಿಧಿ ಒಂದೇ ವೇದಿಕೆಯಲ್ಲಿ ನಿಂತು ಅನಾವರಣ ಮಾಡಿಸಿದರು. ನಾಲ್ಕು ದಿನ ಬಿಟ್ಟು ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಆವತ್ತು ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದರು, ಗಿರಣಿಯವರನ್ನೂ ಕರೆದುಕೊಂಡು.

2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಸ್ಸುಗಳು ಉರಿದವು, ಗೊತ್ತು. ಆದರೆ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟಾಗ ಬೆಂಗಳೂರು ಸುಮ್ಮನಿತ್ತು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡಿನ ಪಾಲು ಕಡಿಮೆಯಾಯಿತು. ಆ ದಿನ ನಮ್ಮ ಬೀದಿಯಲ್ಲಿ ಅಂಗಡಿಗಳು ತೆರೆದೇ ಇದ್ದವು. ನನ್ನ ಮಗಳಿಗೆ ಶಾಂತಿ ಅಂದರೆ ಅಷ್ಟು ಸಾಕು ಅನಿಸಿತು ನನಗೆ.

ಉತ್ತರ: ಹೊರಮಾವು ವಾರ್ಡ್ ಹುಡುಗ

ಹಿರಿಯರು ಹೇಳಿದ್ದರಲ್ಲಿ ಮೂರನೆಯದು, ಮುಂದಿನ ತಾರೀಕು. ಅದೇ ಇಲ್ಲದಿದ್ದರೆ?

ಬೆಂಗಳೂರು ಪಾಲಿಕೆಗೆ ಚುನಾವಣೆ ಆಗಿದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡ್‌ಗಳಿಗೆ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದಲ್ಲೇ ಇದೆ, 243ಯು ವಿಧಿ. ಐದು ವರ್ಷ ದಾಟಿದರೂ ಆಗಲಿಲ್ಲ. ವಾರ್ಡ್ ಸಂಖ್ಯೆ 243 ಅಂದರು, 225 ಅಂದರು, ಮೀಸಲಾತಿ ಪಟ್ಟಿ, ಕೋರ್ಟು, ಕೊನೆಗೆ 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಈ ನಡುವೆ ಬೇರೆ ಬೇರೆ ಪಕ್ಷದ ಸರ್ಕಾರಗಳು ಬಂದು ಹೋದವು, ಹಾಗಾಗಿ ಒಬ್ಬರನ್ನೇ ದೂರಲ್ಲ ನಾನು. ನಮ್ಮ ಬೀದಿಗೆ ಮಳೆನೀರು ನುಗ್ಗಿದಾಗ ಅರ್ಜಿ ಹಿಡಿದು ಒಂದು ಆಫೀಸಿಗೆ ಹೋದರೆ ಇನ್ನೊಂದಕ್ಕೆ ಕಳಿಸುತ್ತಾರೆ. ಇವನನ್ನು ಮುಂದಿನ ಸಲ ಸೋಲಿಸ್ತೀನಿ ಅಂತ ಹೇಳುವುದಕ್ಕೆ ಒಬ್ಬ ಮನುಷ್ಯನೇ ಎದುರಿಗಿಲ್ಲ.

2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81 ದಾಟಿದ ಮತದಾನ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಹತ್ತಿರ ನಿಂತಿತು. ಬೆಂಗಳೂರಿನವರು ಸೋಮಾರಿಗಳು ಅಂತ ಬೈಯುತ್ತಾರೆ. ಮತದಾರರ ಪಟ್ಟಿಯಲ್ಲಿ ಊರು ಬಿಟ್ಟವರ ಹೆಸರೂ ಇವೆ, ಒಪ್ಪೋಣ. ಆದರೆ ಅತಿ ಹತ್ತಿರದ ಚುನಾವಣೆಯನ್ನೇ ಒಂದು ದಶಕ ಕಾಣದ ಹುಡುಗರಿಗೆ ವೋಟಿನ ಅಭ್ಯಾಸ ಎಲ್ಲಿಂದ ಬರಬೇಕು? ಟೀಚರ್, ನಿಮ್ಮ ಶಾಲೆಯ ಚುನಾವಣೆ ಮರುದಿನವೇ ಮತ್ತೆ ಮಾಡಿಸಬೇಕಿತ್ತು. ಈಗಲಾದರೂ ಮರುಚುನಾವಣೆ ಮಾಡಿಸಿ.

ಉತ್ತರ: ಬಸವನಗುಡಿ ನಿವೃತ್ತ ಲೆಕ್ಚರರ್

ಹಲಸೂರಿನ ಅಮ್ಮಾ, ನೀವು ಬರೆದಿದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇದಕ್ಕೆ ಹತ್ತಿರದ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಮತಪತ್ರದ ಕಾಲದಲ್ಲಿ ಎಣಿಕೆಗೆ ಮುಂಚೆ ಬೇರೆ ಬೇರೆ ಬೂತ್‌ಗಳ ಮತಪತ್ರಗಳನ್ನು ಡ್ರಮ್ಮಿಗೆ ಸುರಿದು ಕಲೆಸುತ್ತಿದ್ದರು. ಯಾವ ಹಳ್ಳಿ, ಯಾವ ಕೇರಿ ಯಾರಿಗೆ ಹಾಕಿತು ಅಂತ ಗೊತ್ತಾಗಬಾರದು, ಗೊತ್ತಾದರೆ ಗೆದ್ದವನು ಸೇಡು ತೀರಿಸಿಕೊಳ್ಳುತ್ತಾನೆ ಅಂತ. ಇವಿಎಂ ಬಂದ ಮೇಲೆ ಬೂತ್‌ವಾರು ಲೆಕ್ಕ ನೇರವಾಗಿ ಕಾಣುತ್ತದೆ. ಹತ್ತಾರು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸುವ ಟೋಟಲೈಸರ್ ತರೋಣ ಅಂತ ಚುನಾವಣಾ ಆಯೋಗ ಕೇಳಿತು, 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಬರಲಿಲ್ಲ. ಫಲಿತಾಂಶದ ಮಾರನೇ ದಿನ "ಆ ಬೀದಿಯವರು ನಮಗೆ ಹಾಕಲಿಲ್ಲ, ಟ್ಯಾಂಕರ್ ಕಳಿಸಬೇಡಿ" ಅನ್ನುವ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮನುಷ್ಯ ಮನುಷ್ಯನ ಗುಟ್ಟು ಉಳಿದರೆ ಸಾಲದು, ಕೇರಿಯ ಗುಟ್ಟೂ ಉಳಿಯಬೇಕು. ಟೋಟಲೈಸರ್ ಬರುವವರೆಗೆ ನಾನು ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಲೇ ಇರುತ್ತೇನೆ.

ಎಣಿಕೆಗೇ ಬಾರದವರ ಕಥೆ ಇನ್ನೊಂದು ಇದೆ. 1951-52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಮುಂದಿನ ಚುನಾವಣೆಗಳಿಗೆ ಹೆಸರು ಹೇಳಿ ಬಂದರು. ಗೆದ್ದ ಹುಡುಗಿಗೆ ಇದು ಗೊತ್ತಿರಲಿ.

ಹೊರಮಾವಿನ ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು, ಅದನ್ನು ಆರಲು ಬಿಡಬೇಡ. ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಮಾಡಿದ ಭಾಷಣದಲ್ಲಿ, ಸಂವಿಧಾನದ ದಾರಿ ತೆರೆದಿರುವಾಗ ಬೀದಿಯ ದಾರಿ ಹಿಡಿಯುವುದಕ್ಕೆ ಸಮರ್ಥನೆ ಇಲ್ಲ ಅಂತ ಹೇಳಿದ್ದರು. ಎಲ್ಲರೂ ಆ ಮಾತನ್ನು ಪ್ರತಿಭಟನೆ ಮಾಡುವವರಿಗೆ ಬುದ್ಧಿ ಹೇಳಲು ಬಳಸುತ್ತಾರೆ. ದಾರಿ ತೆರೆದಿಡಬೇಕಾದವರಿಗೂ ಅದು ಅಷ್ಟೇ ಅನ್ವಯಿಸುತ್ತದೆ.

ಆದರೆ ಶಾಲೆಯಲ್ಲಿ ಮರುಚುನಾವಣೆ ಬೇಡ. ಗಲಾಟೆ ಮಾಡಿದರೆ ಮತ್ತೆ ಚುನಾವಣೆ ಸಿಗುತ್ತದೆ ಅಂತ ಮಕ್ಕಳು ಕಲಿಯುತ್ತಾರೆ, ಗೆದ್ದ ಹುಡುಗಿಗೆ ಅನ್ಯಾಯ. ಚೀಟಿಗಳು ಇನ್ನೂ ಇದ್ದರೆ ಮರುಎಣಿಕೆ ಮಾಡಿ. 2023ರಲ್ಲಿ ಇಲ್ಲೇ ಜಯನಗರದಲ್ಲಿ 16 ಮತಗಳ ಅಂತರ, ತಡರಾತ್ರಿವರೆಗೆ ಮರುಎಣಿಕೆ, ಹೊರಗೆ ಎರಡೂ ಕಡೆಯವರ ಘೋಷಣೆ. ಕೊನೆಗೆ ಅಧಿಕಾರಿ ಬರೆದುಕೊಟ್ಟ ಅಂಕಿಯೇ ನಿಂತಿತು. ತಕರಾರಿದ್ದರೆ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು ಅಷ್ಟೆ.

ಕೆಂಗೇರಿ ಸಮಾಜ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಹಲಸೂರು ಅಕ್ಕಾ, ನಿಮ್ಮ ಅಪ್ಪ ಇದ್ದರೆ ನಮ್ಮ ಮಕ್ಕಳ ಜೊತೆ ಕೆರೆ ಹತ್ತಿರ ಐದು ನಿಮಿಷ ಮಾತಾಡಲು ಒಪ್ಪುತ್ತಾರಾ? ಗಿರಣಿಯವರೂ ಬಂದರೆ ಇನ್ನೂ ಒಳ್ಳೆಯದು. ಪ್ರವಾಸ ಹೀಗೆ ಅಂದುಕೊಂಡಿದ್ದೇನೆ: ಬೆಳಿಗ್ಗೆ ಮೆಟ್ರೊದಲ್ಲಿ ಕೆಂಗೇರಿಯಿಂದ ಮೆಜೆಸ್ಟಿಕ್, ಅಲ್ಲಿಂದ ನಡೆದು ಫ್ರೀಡಂ ಪಾರ್ಕ್, ಆಮೇಲೆ ವಿಧಾನಸೌಧದ ಹೊರಗೆ ಊಟದ ಡಬ್ಬಿ ಬಿಚ್ಚುವುದು, ಮಧ್ಯಾಹ್ನ ಹಲಸೂರು.

ಸಾರ್, ಚೀಟಿಗಳು ಬಿಸ್ಕತ್ ಡಬ್ಬಿಯಲ್ಲಿ ಬೀರುವಿನೊಳಗೇ ಇದ್ದವು. ನಿನ್ನೆ ಕೊನೇ ಪೀರಿಯಡ್‌ನಲ್ಲಿ ಮರುಎಣಿಕೆ ಮಾಡಿದೆವು. ಈ ಸಲ ಎಣಿಸಿದ್ದು ನಾನಲ್ಲ. ಸೋತ ಹುಡುಗನ ಕಡೆಯಿಂದ ಇಬ್ಬರು, ಗೆದ್ದವಳ ಕಡೆಯಿಂದ ಇಬ್ಬರು, ಮಧ್ಯದಲ್ಲಿ ಮೇಜು, ಉಳಿದವರೆಲ್ಲ ಸುತ್ತ ನಿಂತು ನೋಡಿದರು. ಒಂದೊಂದು ಚೀಟಿಯನ್ನೂ ಎತ್ತಿ ಹಿಡಿದು ತೋರಿಸಿ 25ರ ಕಟ್ಟು ಮಾಡಿದರು. ಪೋಸ್ಟರ್ ಹರಿದಿದ್ದವನೇ ಅತಿ ಜಾಗ್ರತೆಯಿಂದ ಎಣಿಸಿದ. ಒಂದು ಕಟ್ಟು ಸಂಶಯ ಅಂತ ಮೂರು ಸಲ ಬಿಚ್ಚಿಸಿದ.

ಒಂದು ಚೀಟಿಯಲ್ಲಿ ಎರಡೂ ಚಿಹ್ನೆಗೆ ಟಿಕ್ ಇದೆ. ಮೊದಲ ಸಲ ಅದನ್ನು ಹುಡುಗಿಗೆ ಸೇರಿಸಿಬಿಟ್ಟಿದ್ದಾರೆ. ಅದನ್ನು ಬಿಟ್ಟರೆ ಅಂತರ 6. ಇನ್ನೊಂದರಲ್ಲಿ ಟಿಕ್ ಇಲ್ಲ, ಹುಡುಗನ ಚಿಹ್ನೆಯಾದ ಗಾಳಿಪಟದ ಪಕ್ಕ ಅವನ ಹೆಸರನ್ನೇ ಬರೆದಿದ್ದಾರೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಅವನ ಕಡೆಯವರು, ಬೇಡ ಅಂತ ಇವಳ ಕಡೆಯವರು. ಗಂಟೆ ಹೊಡೆಯಿತು. ಆ ಎರಡು ಚೀಟಿಯನ್ನು ಬೇರೆ ಕವರಿಗೆ ಹಾಕಿ ನಾಲ್ವರ ಸಹಿ ಹಾಕಿಸಿ ಇಟ್ಟಿದ್ದೇನೆ. ಇವತ್ತು ಮಧ್ಯಾಹ್ನದೊಳಗೆ ತೀರ್ಮಾನ ಹೇಳಬೇಕು. ನಿಯಮ ಏನು?

ಬಸವನಗುಡಿ ನಿವೃತ್ತ ಲೆಕ್ಚರರ್

ಎರಡು ಚಿಹ್ನೆಗೆ ಗುರುತಿದ್ದರೆ ತಿರಸ್ಕೃತ, ಅದರಲ್ಲಿ ಚರ್ಚೆ ಇಲ್ಲ. ಎರಡನೆಯದೂ ತಿರಸ್ಕೃತವೇ ಮೇಡಂ. ಮತಪತ್ರದ ನಿಯಮದಲ್ಲಿ ಗುರುತು ಹಾಕುವುದು ಕೊಟ್ಟ ಸಾಧನದಿಂದಲೇ ಆಗಬೇಕು, ಮತದಾರ ಯಾರು ಅಂತ ಪತ್ತೆ ಹಚ್ಚಲು ಆಗುವಂಥ ಬರಹ ಇದ್ದರೂ ಅದು ಅಸಿಂಧು. ಶಾಲೆಯಲ್ಲಿ ಕೈಬರಹ ಯಾರದು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಆ ಮಗುವಿನ ಗುಟ್ಟು ಕಾಯುವುದು ನಿಮ್ಮ ಕೆಲಸ. ಹಾಗಾಗಿ ಆ ಚೀಟಿಯನ್ನು ಇನ್ನು ಮೇಲೆ ಎತ್ತಿ ತೋರಿಸಬೇಡಿ. ನಾಲ್ವರು ಎಣಿಕೆಯವರಿಗೆ ಮಾತ್ರ ತೋರಿಸಿ, ಯಾಕೆ ತಿರಸ್ಕೃತ ಅಂತ ಹಿಂದುಗಡೆ ಒಂದು ಸಾಲು ಬರೆದು ನೀವು ಸಹಿ ಹಾಕಿ. ಎರಡನ್ನೂ ಮತ್ತೆ ಅದೇ ಕವರಿಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ನಾಲ್ವರ ಸಹಿ. ಹುಡುಗನ ಕಡೆಯವರು ಒಪ್ಪದಿದ್ದರೆ ಹೆಡ್‌ಮಾಸ್ಟರಿಗೆ ಲಿಖಿತ ಅರ್ಜಿ ಕೊಡಬಹುದು ಅಂತ ಹೇಳಿ, ಒಂದು ವಾರ ಸಮಯ ಕೊಡಿ. ಕೊನೆಯ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರು ಅಭ್ಯರ್ಥಿಗಳಿಗೂ ಒಂದೊಂದು ಪ್ರತಿ ಕೊಡಿ. ಮುಂದಿನ ವರ್ಷದ ಚುನಾವಣೆ ಯಾವ ತಿಂಗಳು ಅನ್ನುವುದನ್ನು ಅದೇ ಹಾಳೆಯ ಕೆಳಗೆ ಬರೆಯಿಸಿ, ಹೆಡ್‌ಮಾಸ್ಟರ ಸೀಲ್ ಸಮೇತ.